ಮಂಗಳವಾರವೇ ಕಳಿಸಿದ್ದು ಮಂಗಳವಾರವಷ್ಟೇ ಆಗಿದ್ದು: ‘ಓನ್ಲಿ’ ಎಂಬ ಪದದ ಸಮಾಚಾರ

ಪ್ರಶ್ನೆ: ನಾನು ಮಾರತ್ತಹಳ್ಳಿಯಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡ್ತೀನಿ. ನಮ್ಮ ಮ್ಯಾನೇಜರ್ ಇಂಗ್ಲೆಂಡಿನವರು, ಅಲ್ಲೇ ಇರ್ತಾರೆ. ಹೋದ ವಾರ ಒಂದು ರಿಪೋರ್ಟ್ ಕಳಿಸಿದೆಯಾ ಅಂತ ಕೇಳಿದರು. “ಐ ಸೆಂಟ್ ಇಟ್ ಆನ್ ಟ್ಯೂಸ್‌ಡೇ ಓನ್ಲಿ” ಅಂತ ಬರೆದೆ. ಗುರುವಾರ ಕೊಡಬೇಕಾದ್ದನ್ನು ಮಂಗಳವಾರವೇ ಕೊಟ್ಟಿದ್ದೀನಿ ಅನ್ನೋದು ನನ್ನ ಅರ್ಥ. ಅವರು “ಶುಕ್ರವಾರವೇ ಎಲ್ಲ ವಿವರ ಕೊಟ್ಟಿದ್ದೆನಲ್ಲ, ಮಂಗಳವಾರದವರೆಗೆ ಯಾಕೆ ಸುಮ್ಮನಿದ್ದೆ?” ಅಂತ ತಿರುಗಿ ಕೇಳಿದರು. ಓನ್ಲಿ ಅಂದರೆ ಮಾತ್ರ, ಅಷ್ಟೇ ತಾನೇ? ಚೆಕ್ಕಿನ ಮೇಲೂ ಬೋರ್ಡುಗಳ ಮೇಲೂ ಕೊನೆಯಲ್ಲೇ ಇರುತ್ತಲ್ಲ, ನಾನು ಕೊನೆಗೆ ಹಾಕಿದರೆ ತಪ್ಪೇನು? ಈ ಪದವನ್ನು ಎಲ್ಲಿ ಹೇಗೆ ಬಳಸಬೇಕು ಅಂತ ಸ್ವಲ್ಪ ವಿವರವಾಗಿ ತಿಳಿಸಿ.

ಉತ್ತರ: ನೀವು ಬರೆದದ್ದು ಬೆಂಗಳೂರಿನಲ್ಲಿ ಯಾರಿಗೆ ಓದಿ ಹೇಳಿದರೂ ಸರಿಯಾಗಿ ಅರ್ಥವಾಗುತ್ತಿತ್ತು. ಜಯನಗರದವರಿಗೂ ಆಗುತ್ತಿತ್ತು, ಹಿಂದಿಯವರಿಗೂ ತಮಿಳಿನವರಿಗೂ ಆಗುತ್ತಿತ್ತು. ಇಂಗ್ಲೆಂಡಿನವರಿಗೆ ಮಾತ್ರ ತಲೆಕೆಳಗಾಗಿ ಕೇಳಿಸಿದೆ. ಅವರ ಕಿವಿಯಲ್ಲಿ ಹೊತ್ತನ್ನು ಹೇಳುವ ಮಾತಿನ ಜೊತೆ ಓನ್ಲಿ ಸೇರಿದರೆ ‘ಅದಕ್ಕಿಂತ ಮೊದಲು ಆಗಲಿಲ್ಲ’ ಎಂಬ ಅರ್ಥವೇ ಮೊದಲು ಬರುತ್ತದೆ. ನೀವು ಮನಸ್ಸಿನಲ್ಲಿ ಇಟ್ಟುಕೊಂಡದ್ದು ‘ಮಂಗಳವಾರವೇ’, ಅವರಿಗೆ ಮುಟ್ಟಿದ್ದು ‘ಮಂಗಳವಾರವಷ್ಟೇ’. ಕನ್ನಡದಲ್ಲಿ ಇವೆರಡೂ ಒಂದಕ್ಕೊಂದು ಎದುರು. ಮಂಗಳವಾರವೇ ಅಂದರೆ ಬೇಗ, ಮಂಗಳವಾರವಷ್ಟೇ ಅಂದರೆ ತಡ, ಇಲ್ಲವೇ ತೀರಾ ಈಚೆಗೆ. ಇಂಗ್ಲಿಷಿನ ಓನ್ಲಿಗೆ ಎರಡನೆಯದನ್ನು ಹೇಳುವ ಶಕ್ತಿ ಇದೆ, ಮೊದಲನೆಯದನ್ನು ಹೇಳುವ ಶಕ್ತಿ ಇಲ್ಲ. ನೀವು ಬರೆಯಬೇಕಾಗಿದ್ದ ವಾಕ್ಯ: “ಐ ಹ್ಯಾಡ್ ಆಲ್ರೆಡಿ ಸೆಂಟ್ ಇಟ್ ಆನ್ ಟ್ಯೂಸ್‌ಡೇ.” ಆಲ್ರೆಡಿ ಎಂಬ ಒಂದು ಪದದಿಂದ ಕೆಲಸ ಮುಗಿಯುತ್ತಿತ್ತು.

ಹಾಗಾಗಿ ಓನ್ಲಿ ಎಲ್ಲಿ ಕೂತಿದೆ ಅನ್ನುವುದನ್ನು ಆಮೇಲೆ ನೋಡೋಣ. ಅದಕ್ಕಿಂತ ಮುಂಚೆ, ಅದು ಯಾವ ಕನ್ನಡದ ಬದಲಿಗೆ ಬಂದು ಕೂತಿದೆ ಅಂತ ನೋಡಬೇಕು.

ಶಾಲೆಯ ವ್ಯಾಕರಣದಲ್ಲಿ ಅವಧಾರಣಾರ್ಥಕ ಅವ್ಯಯ ಅಂತ ಓದಿರುತ್ತೀರಿ. ಗುಂಪಿನಲ್ಲಿರುವ ಒಂದನ್ನೇ ಎತ್ತಿ ನಿಶ್ಚಯವಾಗಿ ಹೇಳಲು ಸೇರಿಸುವ ‘ಏ’ ಅದು: ಅವನೇ, ಅದುವೇ, ನಾನೇ. ಕನ್ನಡದಲ್ಲಿ ಈ ಏಕಾರವಿಲ್ಲದೆ ನಾಲ್ಕು ಮಾತು ಆಡುವುದು ಕಷ್ಟ. ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದ ಒಂದು ಪದ ಇಲ್ಲವೇ ಇಲ್ಲ. ಅಲ್ಲಿಯವರು ದನಿಯನ್ನು ಒತ್ತಿ ಹೇಳುತ್ತಾರೆ, ಇಲ್ಲವೇ ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಪದ ಹಾಕುತ್ತಾರೆ. ನಮಗೆ ಬಾಲದಲ್ಲಿ ಏನಾದರೂ ಅಂಟಿಸದಿದ್ದರೆ ಮಾತು ಬೋಳು ಅನ್ನಿಸುತ್ತದೆ, ಕೈಗೆ ಸಿಕ್ಕ ಓನ್ಲಿ ಅಂಟಿಸುತ್ತೇವೆ. ಹಿಂದಿಯ ‘ಹೀ’, ತಮಿಳಿನ ‘ತಾನ್’ ಕೂಡ ಇದೇ ಕೆಲಸ ಮಾಡುವುದರಿಂದ ಊರಿನ ಇಂಗ್ಲಿಷೆಲ್ಲ ಹೀಗೇ ಆಗಿದೆ. ಟುಡೇ ಇಟ್‌ಸೆಲ್ಫ್ ಎನ್ನುವುದೂ ಇದೇ ಏಕಾರದ ಇನ್ನೊಂದು ವೇಷ.

ಒಂದೊಂದಾಗಿ ಬಿಡಿಸಿ ನೋಡಿ. “ನಾನು ಇಲ್ಲೇ ಇದ್ದೀನಿ” ಎಂಬಲ್ಲಿ ಏಕಾರ ಜಾಗವನ್ನು ತೋರಿಸುತ್ತಿದೆ. ಅದಕ್ಕೆ ಇಂಗ್ಲಿಷ್ ‘ರೈಟ್’: “ಐ ಆಮ್ ರೈಟ್ ಹಿಯರ್.” ಈಗಲೇ ಬೇಕು ಅಂದರೆ ‘ರೈಟ್ ನೌ’. “ನಾನೇ ಮಾಡಿದೆ” ಎಂಬುದಕ್ಕೆ ಎರಡು ಅರ್ಥ. ಯಾರ ಸಹಾಯವೂ ಇಲ್ಲದೆ ಮಾಡಿದೆ ಅಂತಾದರೆ “ಐ ಡಿಡ್ ಇಟ್ ಮೈಸೆಲ್ಫ್”. ಮಾಡಿದವರು ಯಾರು ಅಂದಾಗ ಕೈ ಎತ್ತುವುದಾದರೆ “ಐ ವಾಸ್ ದ ಒನ್ ಹೂ ಡಿಡ್ ಇಟ್”. “ಅದೇ ಅಂಗಡಿ” ಅಂದರೆ ‘ದ ಸೇಮ್ ಶಾಪ್’. “ಮೊದಲೇ ಹೇಳಿದ್ದೆ” ಎಂಬುದಕ್ಕೆ ಆಲ್ರೆಡಿ. “ಬರಲೇ ಇಲ್ಲ” ಅಂದರೆ ‘ಅಟ್ ಆಲ್’: “ಹಿ ಡಿಡಂಟ್ ಕಮ್ ಅಟ್ ಆಲ್.” “ಬಂದೇ ಬರ್ತಾನೆ” ಎಂಬುದಕ್ಕೆ ಡೆಫಿನಿಟ್ಲಿ. “ಹೇಳ್ತಾನೇ ಇದ್ದೆ” ಅಂದರೆ “ಐ ಕೆಪ್ಟ್ ಸೇಯಿಂಗ್”. “ಬಂದ ಕೂಡಲೇ” ಎಂಬುದಕ್ಕೆ ‘ಆ್ಯಸ್ ಸೂನ್ ಆ್ಯಸ್’. ಒಂದು ಏಕಾರಕ್ಕೆ ಇಷ್ಟೊಂದು ಇಂಗ್ಲಿಷ್ ಬೇಕಾಯಿತು, ಇವುಗಳಲ್ಲಿ ಓನ್ಲಿ ಒಂದು ಸಲವೂ ಬರಲಿಲ್ಲ.

ಹಾಗಾದರೆ ಬರುವುದು ಎಲ್ಲಿ? ‘ಮಾತ್ರ’ ಹಾಕಿ ನೋಡಿ, ಹೊಂದಿದರೆ ಓನ್ಲಿ ಸರಿ ಅಂತ ಕೆಲವು ಮೇಷ್ಟರು ಹೇಳಿಕೊಡುತ್ತಾರೆ. ಈ ಪರೀಕ್ಷೆ ಅರ್ಧ ಮಾತ್ರ ನಂಬಬಹುದು, ಯಾಕೆಂದರೆ ನಮ್ಮ ‘ಮಾತ್ರ’ಕ್ಕೂ ಎರಡು ಮುಖ. ಮದುವೆ ಮುಗಿಸಿ ಬಂದವರು “ಊಟ ಮಾತ್ರ ಸೂಪರ್” ಅಂದರೆ ಊಟವನ್ನು ಮನಸಾರೆ ಹೊಗಳುತ್ತಿದ್ದಾರೆ ಅಂತಲೇ ಅರ್ಥ. ಇದನ್ನೇ “ಓನ್ಲಿ ದ ಫುಡ್ ವಾಸ್ ಸೂಪರ್ಬ್” ಅಂತ ಬರೆದು ಕಳಿಸಿದರೆ ಛತ್ರ, ಅಲಂಕಾರ, ಓಲಗ, ಬೀಗರ ಉಪಚಾರ ಎಲ್ಲ ಕೆಟ್ಟದಾಗಿತ್ತು, ಊಟ ಒಂದೇ ಪರವಾಗಿಲ್ಲ ಅಂತ ಆಗುತ್ತದೆ. ಹೇಳಬೇಕಾದದ್ದು: “ದ ಫುಡ್ ವಾಸ್ ರಿಯಲಿ ಸೂಪರ್ಬ್.” 

ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ‘ಬಿಟ್ಟು’. ವಾಕ್ಯವನ್ನು “ಇದು ಬಿಟ್ಟು ಬೇರೆ ಇಲ್ಲ” ಅಂತ ತಿರುಗಿಸಿ ಹೇಳಿ. ನೀವು ಹೇಳಹೊರಟದ್ದು ಅದೇ ಆಗಿದ್ದರೆ ಓನ್ಲಿ ಹಾಕಿ. ರವಿ ಒಬ್ಬನೇ ಬಂದ, ರವಿಯನ್ನು ಬಿಟ್ಟು ಬೇರೆ ಯಾರೂ ಬರಲಿಲ್ಲ: “ಓನ್ಲಿ ರವಿ ಕೇಮ್.” ಸರಿ. ನಾನು ಇಲ್ಲೇ ಇದ್ದೀನಿ, ಇಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ: ನಿಜವೇ, ಆದರೆ ಅದನ್ನು ಹೇಳಲು ನೀವು ಫೋನ್ ಎತ್ತಲಿಲ್ಲ. ಓನ್ಲಿ ಬೇಡ. ಇದಕ್ಕೆ ಇನ್ನೊಂದು ಜೊತೆ ಇದೆ, ‘ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ’ ಎಂಬುದು. ನೂರೇ ರೂಪಾಯಿ, ಬರೀ 2 ಕಿಲೋಮೀಟರ್, ಇನ್ನೂ ಮಗು ಅಷ್ಟೇ, ಇವೆಲ್ಲ ಓನ್ಲಿಗೆ ಸೇರಿದವು. ಬೇರೆ ಇಲ್ಲ, ಹೆಚ್ಚಿಲ್ಲ: ಪದದ ಮುಖ್ಯವಾದ ಅರ್ಥಗಳು ಈ ಎರಡೇ. ನೀವು ಎಡವಿದ ‘ಮೊದಲಿಲ್ಲ’ ಎಂಬುದು ‘ಹೆಚ್ಚಿಲ್ಲ’ದ ತಮ್ಮ.

ಇದು ಆ ಪದದ ಹುಟ್ಟಿನಲ್ಲೇ ಇದೆ. ಹಳೆಯ ಇಂಗ್ಲಿಷಿನಲ್ಲಿ ಒಂದು ಎಂಬುದಕ್ಕೆ ‘ಆನ್’ ಅನ್ನುತ್ತಿದ್ದರು, ಅದಕ್ಕೆ ‘ಲಿಕ್’ ಸೇರಿ ‘ಒಂದರಂತೆ ಇರುವುದು’ ಎಂಬ ಪದವಾಯಿತು, ಅದೇ ಸವೆದು ಓನ್ಲಿ. ಅಲೋನ್ ಎಂಬುದೂ ‘ಆಲ್’ ಮತ್ತು ‘ಒನ್’ ಸೇರಿ ಆದದ್ದು. ಮುಂದೆ ಒಂಟಿಯಾಗಿ ನಿಂತ ‘ಒನ್’ ಪದದ ಉಚ್ಚಾರ ‘ವನ್’ ಅಂತ ತಿರುಗಿಕೊಂಡರೂ ಓನ್ಲಿ, ಅಲೋನ್ ಎರಡರಲ್ಲೂ ಹಳೆಯ ‘ಓನ್’ ಹಾಗೇ ಉಳಿದಿದೆ. ನಮ್ಮ ಮಾತ್ರವೂ ಸಂಸ್ಕೃತದಲ್ಲಿ ಅಳತೆ ಎಂಬ ಅರ್ಥದ್ದು, ‘ಇಷ್ಟು ಅಳತೆ, ಇದಕ್ಕೆ ಮೀರಿ ಇಲ್ಲ’ ಅಂತ. ಇಂಗ್ಲಿಷಿನವರು ಎಣಿಸಿ ಹೇಳಿದ್ದನ್ನು ನಾವು ಅಳೆದು ಹೇಳಿದ್ದೇವೆ.

ಈಗ ಜಾಗದ ಮಾತು. ನಿಮ್ಮ ಅಪಾರ್ಟ್‌ಮೆಂಟಿನ ಲೆಕ್ಕ ನೋಡುವ ರವಿ ನೀರಿನ ಬಿಲ್ ಕಟ್ಟಿದ ಸಂಗತಿಯನ್ನೇ ತೆಗೆದುಕೊಳ್ಳಿ: “ರವಿ ಪೇಯ್ಡ್ ದ ವಾಟರ್ ಬಿಲ್ ಆನ್ ಫ್ರೈಡೇ.”

“ಓನ್ಲಿ ರವಿ ಪೇಯ್ಡ್ ದ ವಾಟರ್ ಬಿಲ್ ಆನ್ ಫ್ರೈಡೇ” ಅಂದರೆ ರವಿಯೊಬ್ಬನೇ ಕಟ್ಟಿದ, ಉಳಿದವರು ಕಟ್ಟಲಿಲ್ಲ.

“ರವಿ ಪೇಯ್ಡ್ ಓನ್ಲಿ ದ ವಾಟರ್ ಬಿಲ್ ಆನ್ ಫ್ರೈಡೇ” ಅಂದರೆ ನೀರಿನದ್ದು ಬಿಟ್ಟು ಬೇರೆ ಬಿಲ್ ಕಟ್ಟಲಿಲ್ಲ, ಕರೆಂಟಿನದ್ದು ಬಾಕಿ.

“ರವಿ ಪೇಯ್ಡ್ ದ ವಾಟರ್ ಬಿಲ್ ಓನ್ಲಿ ಆನ್ ಫ್ರೈಡೇ” ಅಂದರೆ ಶುಕ್ರವಾರದವರೆಗೆ ಕಟ್ಟಿರಲಿಲ್ಲ. ದೂರು ಇದೆ.

“ರವಿ ಓನ್ಲಿ ಪೇಯ್ಡ್ ದ ವಾಟರ್ ಬಿಲ್ ಆನ್ ಫ್ರೈಡೇ” ಎಂಬುದು ಜಾಣ ವಾಕ್ಯ. ಮಾತಿನಲ್ಲಿ ಇಂಗ್ಲಿಷಿನವರು ಓನ್ಲಿಯನ್ನು ಹೆಚ್ಚಾಗಿ ಇಲ್ಲೇ, ಕ್ರಿಯಾಪದಕ್ಕಿಂತ ಮೊದಲೇ ಇಡುತ್ತಾರೆ. ದನಿ ವಾಟರ್ ಮೇಲೆ ಬಿದ್ದರೆ ಬರೀ ನೀರಿನದ್ದು, ಫ್ರೈಡೇ ಮೇಲೆ ಬಿದ್ದರೆ ಶುಕ್ರವಾರವಷ್ಟೇ. ಕಾಗದದ ಮೇಲೆ ದನಿ ಇಲ್ಲದ್ದರಿಂದ ಎರಡೂ ಅರ್ಥ ನಿಲ್ಲುತ್ತವೆ.

ಕೊನೆಗೆ ನಿಮ್ಮ ಬಗೆಯದು, “ಆನ್ ಫ್ರೈಡೇ ಓನ್ಲಿ”. ಬೆಂಗಳೂರಿನವರಿಗೆ ಶುಕ್ರವಾರವೇ ಕಟ್ಟಿಯಾಯಿತು. ಹೊರಗಿನವರಿಗೆ ಒಂದೋ ತಡ, ಇಲ್ಲವೇ ‘ಶುಕ್ರವಾರ ಒಂದು ದಿನ, ಬೇರೆ ದಿನ ಅಲ್ಲ’ ಎಂಬ ವಿಚಿತ್ರ ಸುದ್ದಿ.

ಕ್ರಿಯಾಪದಕ್ಕಿಂತ ಮೊದಲು ಇಡುವುದೇ ತಪ್ಪು, ಓನ್ಲಿ ಯಾವಾಗಲೂ ತಾನು ಹಿಡಿಯುವ ಪದಕ್ಕೆ ಅಂಟಿಕೊಂಡೇ ಇರಬೇಕು ಅಂತ ಹಠ ಹಿಡಿಯುವವರು ಇಂಗ್ಲಿಷಿನಲ್ಲೂ ಇದ್ದಾರೆ. 1926ರಲ್ಲೇ ಹೆನ್ರಿ ಫೌಲರ್ ಇಂಗ್ಲಿಷ್ ಬಳಕೆಯ ಬಗ್ಗೆ ತಾವು ಬರೆದ ನಿಘಂಟಿನಲ್ಲಿ “ಹಿ ಓನ್ಲಿ ಡೈಡ್ ಎ ವೀಕ್ ಅಗೋ” ಎಂಬ ವಾಕ್ಯವನ್ನು ಇಟ್ಟುಕೊಂಡು ಇಂಥವರನ್ನು ತರಾಟೆಗೆ ತೆಗೆದುಕೊಂಡಿದ್ದರು. ಆತ ಸತ್ತು ವಾರವಷ್ಟೇ ಆಯಿತು ಅಂತ ಎಲ್ಲರಿಗೂ ತಿಳಿಯುವಾಗ ಪದವನ್ನು ಎಳೆದಾಡುವುದೇಕೆ ಅಂತ. ಮಾತಿಗೆ, ವಾಟ್ಸಾಪಿಗೆ ಫೌಲರ್ ಹೇಳಿದ್ದೇ ಸರಿ. ದುಡ್ಡು, ದಿನಾಂಕ, ಕರಾರು ಇರುವ ಕಡೆ ಹಠದವರ ಮಾತು ಕೇಳುವುದು ಕ್ಷೇಮ.

ಕರಾರು ಅಂದ ಮೇಲೆ ಬಾಡಿಗೆ ಕರಾರನ್ನೇ ನೋಡೋಣ. 1 ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯಿದೆಯ 17ನೇ ಸೆಕ್ಷನ್. ಅದಕ್ಕೇ ಊರಿನಲ್ಲಿ ಎಲ್ಲರೂ 11 ತಿಂಗಳಿಗೆ ಬರೆಸುವುದು. ಅಲ್ಲಿ “ಫಾರ್ ಎ ಪೀರಿಯಡ್ ಆಫ್ ಇಲೆವೆನ್ ಮಂತ್ಸ್ ಓನ್ಲಿ” ಅಂತ ಇದ್ದರೆ ತೊಂದರೆ ಇಲ್ಲ, ಓನ್ಲಿ ಅವಧಿಗೆ ಅಂಟಿಕೊಂಡಿದೆ. ತೊಂದರೆ ಕೊಡುವುದು ಇಂಥ ಸಾಲು: “ದ ಟೆನೆಂಟ್ ಶಲ್ ಓನ್ಲಿ ಪೇ ದ ರೆಂಟ್ ಬೈ ಬ್ಯಾಂಕ್ ಟ್ರಾನ್ಸ್‌ಫರ್.” ಮಾಲೀಕರು ‘ಬ್ಯಾಂಕ್ ಮೂಲಕ ಮಾತ್ರ, ಕ್ಯಾಶ್ ಬೇಡ’ ಅಂದುಕೊಂಡು ಬರೆಸಿದ್ದಾರೆ. ಬಾಡಿಗೆದಾರರು ‘ಬಾಡಿಗೆ ಮಾತ್ರ, ಮೇಂಟೆನೆನ್ಸ್ ನನ್ನದಲ್ಲ’ ಅಂತ ಓದಿಕೊಳ್ಳಬಹುದು, ಸಾಲು ಅವರನ್ನು ತಡೆಯುವುದಿಲ್ಲ. ಓನ್ಲಿಯನ್ನು ‘ಬೈ ಬ್ಯಾಂಕ್ ಟ್ರಾನ್ಸ್‌ಫರ್’ ಹಿಂದಕ್ಕೆ ಸರಿಸಿ “ಶಲ್ ಪೇ ದ ರೆಂಟ್ ಓನ್ಲಿ ಬೈ ಬ್ಯಾಂಕ್ ಟ್ರಾನ್ಸ್‌ಫರ್” ಅಂದರೆ ಸುಮಾರಾಗಿ ಸರಿಹೋಯಿತು. ಆದರೂ ಆ ಓನ್ಲಿ ಹಿಂದಿನ ರೆಂಟ್ ಕಡೆಗೂ ಮುಂದಿನ ಬ್ಯಾಂಕ್ ಕಡೆಗೂ ಕತ್ತು ಹೊರಳಿಸುವ ಜಾಗದಲ್ಲಿ ನಿಂತಿದೆ. ಇಂಥ ಕಡೆ ಪದವನ್ನೇ ಬಿಟ್ಟು ಎರಡು ವಾಕ್ಯ ಮಾಡುವುದು ಒಳ್ಳೆಯದು: “ದ ರೆಂಟ್ ಶಲ್ ಬಿ ಪೇಯ್ಡ್ ಬೈ ಬ್ಯಾಂಕ್ ಟ್ರಾನ್ಸ್‌ಫರ್. ಕ್ಯಾಶ್ ವಿಲ್ ನಾಟ್ ಬಿ ಅಕ್ಸೆಪ್ಟೆಡ್.” ಮೇಂಟೆನೆನ್ಸ್ ಯಾರದು ಎಂಬುದಕ್ಕೆ ಬೇರೆ ಕಲಮು.

ಬೋರ್ಡುಗಳಲ್ಲಿ ಓನ್ಲಿ ಕೊನೆಗೇ ಇರುತ್ತಲ್ಲ ಅಂತ ಕೇಳಿದ್ದೀರಿ. ಹೌದು, ಅದು ಅಪ್ಪಟ ಇಂಗ್ಲಿಷೇ. ಸ್ಟಾಫ್ ಓನ್ಲಿ, ಲೇಡೀಸ್ ಓನ್ಲಿ, ಕ್ಯಾಶ್ ಓನ್ಲಿ, ಎಕ್ಸಿಟ್ ಓನ್ಲಿ, ಅರ್ಜಿ ನಮೂನೆಯ ಕೆಳಗೆ ‘ಫಾರ್ ಆಫೀಸ್ ಯೂಸ್ ಓನ್ಲಿ’. ಇವು ಪೂರ್ತಿ ವಾಕ್ಯಗಳಲ್ಲ, ಚೀಟಿ ಅಂಟಿಸಿದ ಹಾಗೆ. ಹೆಸರಿನ ಬೆನ್ನಿಗೇ ಬಂದು ‘ಇವರು ಬಿಟ್ಟು ಬೇರೆಯವರಿಗಲ್ಲ’ ಅನ್ನುತ್ತದೆ, ನಮ್ಮ ‘ಮಹಿಳೆಯರಿಗೆ ಮಾತ್ರ’ ಇದ್ದ ಹಾಗೇ. ವಾಕ್ಯದಲ್ಲಿ ಕೂಡ “ದಿಸ್ ಲಿಫ್ಟ್ ಈಸ್ ಫಾರ್ ರೆಸಿಡೆಂಟ್ಸ್ ಓನ್ಲಿ” ಅಂದರೆ ಯಾರೂ ತಪ್ಪು ಹುಡುಕುವಂತಿಲ್ಲ, ಬಿಟ್ಟು ಪರೀಕ್ಷೆಯಲ್ಲೂ ಪಾಸು. ಪೇಂಟರ್ ಕೈಯಲ್ಲಿ ಪದ ಮುಂದಕ್ಕೆ ಹೋದಾಗ ಮಾತ್ರ ತಮಾಷೆ. ಗೇಟಿನ ಮೇಲೆ “ಓನ್ಲಿ ಪಾರ್ಕಿಂಗ್ ಫಾರ್ ರೆಸಿಡೆಂಟ್ಸ್” ಅಂತ ಬರೆದರೆ ನಿವಾಸಿಗಳಿಗೆ ಇಲ್ಲಿ ಪಾರ್ಕಿಂಗ್ ಬಿಟ್ಟು ಇನ್ಯಾವ ಸೌಲಭ್ಯವೂ ಇಲ್ಲ ಅಂತ ಆಗುತ್ತದೆ. ‘ಪಾರ್ಕಿಂಗ್ ಫಾರ್ ರೆಸಿಡೆಂಟ್ಸ್ ಓನ್ಲಿ’ ಅಂತ ಬರೆಸಿ.

ಚೆಕ್ಕಿನ ಓನ್ಲಿಯದು ಕಾವಲು ಕೆಲಸ. ಮೊತ್ತ ಇಲ್ಲಿಗೆ ಮುಗಿಯಿತು, ಇದರ ಮುಂದೆ ಯಾರೂ ಏನೂ ಸೇರಿಸುವ ಹಾಗಿಲ್ಲ ಅಂತ ಬೇಲಿ ಹಾಕುವುದಕ್ಕೆ ಅದು. ‘ಟ್ವೆಂಟಿ ಥೌಸಂಡ್’ ಅಂತಷ್ಟೇ ಬರೆದು ಬಿಟ್ಟರೆ ಮುಂದಿನ ಖಾಲಿ ಜಾಗದಲ್ಲಿ ‘ನೈನ್ ಹಂಡ್ರೆಡ್’ ಆರಾಮಾಗಿ ಹಿಡಿಸುತ್ತದೆ. ಸಾಲಿನ ಎಡ ಅಂಚಿನಿಂದಲೇ ಶುರುಮಾಡಿ, ಪದಗಳ ನಡುವೆ ಹೆಚ್ಚು ಜಾಗ ಬಿಡದೆ ಬರೆದು, ಕೊನೆಯ ಸಂಖ್ಯಾಪದದ ಮಗ್ಗುಲಲ್ಲೇ ಓನ್ಲಿ ಬರೆಯಬೇಕು, ಉಳಿದ ಜಾಗಕ್ಕೆ ಒಂದು ಗೆರೆ ಎಳೆಯಬೇಕು. ಪೈಸೆ ಇದ್ದರೆ ಓನ್ಲಿ ಪೈಸೆಯಾದ ಮೇಲೆ, ಒಂದೇ ಸಲ. ಅಂಕಿಯ ಚೌಕದಲ್ಲಿ 20,000 ಆದ ಮೇಲೆ ಹಾಕುವ ಓರೆಗೆರೆ ಮತ್ತು ಅಡ್ಡಗೆರೆಯದೂ ಇದೇ ಕಾವಲು. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೇ ಸೆಕ್ಷನ್ ಪ್ರಕಾರ ಅಕ್ಷರದಲ್ಲಿರುವುದೇ ಮೊತ್ತ, ಅದಕ್ಕೇ ಕಾವಲು ಹೆಚ್ಚು ಬೇಕಾದದ್ದು ಅಕ್ಷರದ ಸಾಲಿಗೆ. ವ್ಯವಹಾರದಲ್ಲಿ ಬ್ಯಾಂಕಿನವರು ಅಂಥ ಚೆಕ್ಕನ್ನು ಹಿಂದಿರುಗಿಸುವುದೇ ಹೆಚ್ಚು. ಮೊತ್ತ ತಪ್ಪಾದರೆ ತಿದ್ದಿ ಸಹಿ ಹಾಕಲು ಹೋಗಬೇಡಿ, ಈಗಿನ ಚೆಕ್ ಕ್ಲಿಯರಿಂಗಿನಲ್ಲಿ ದಿನಾಂಕದ ತಿದ್ದುಪಡಿ ಬಿಟ್ಟು ಬೇರೆ ತಿದ್ದುಪಡಿ ನಡೆಯುವುದಿಲ್ಲ. ಹೊಸ ಹಾಳೆ ಹರಿಯಿರಿ. ಎಡ ಮೂಲೆಯ ಎರಡು ಗೆರೆಗಳ ನಡುವೆ ಬರೆಯುವ ‘ಅಕೌಂಟ್ ಪೇಯೀ ಓನ್ಲಿ’ ಬಿಟ್ಟು ಪರೀಕ್ಷೆಯ ಜಾತಿಯದು: ಹೆಸರಿರುವವರ ಖಾತೆಗೆ ಬಿಟ್ಟು ಬೇರೆಲ್ಲಿಗೂ ದುಡ್ಡು ಹೋಗಕೂಡದು.

ಅಂದ ಹಾಗೆ ಚೆಕ್ಕನ್ನು ಕನ್ನಡದಲ್ಲೇ ಬರೆಯಬಹುದು, ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಪ್ರಾದೇಶಿಕ ಭಾಷೆಗೆ ಅವಕಾಶವಿದೆ. ಆಗ ‘ಇಪ್ಪತ್ತು ಸಾವಿರ ರೂಪಾಯಿ ಮಾತ್ರ’. ಆದರೆ ಈ ಕಾವಲಿನ ಓನ್ಲಿಯನ್ನು ಮಾತಿಗೆ ತರಬೇಡಿ. ಸಂಬಳದ ಮಾತುಕತೆಯಲ್ಲಿ ಹೊರದೇಶದವರ ಮುಂದೆ “ಮೈ ಎಕ್ಸ್‌ಪೆಕ್ಟೇಶನ್ ಈಸ್ ಟ್ವೆಂಟಿ ಲ್ಯಾಕ್ಸ್ ಓನ್ಲಿ” ಅಂದರೆ ‘ಬರೀ 20 ಲಕ್ಷ, ಅದಕ್ಕಿಂತ ಹೆಚ್ಚು ಬೇಡ’ ಅಂತ ನೀವೇ ತಲೆ ಕೊಟ್ಟ ಹಾಗಾಯಿತು.

ಮನೆಮಂದಿಯ ವಿಷಯಕ್ಕೆ ಬಂದರೆ ಇಡೀ ಅರ್ಥ ಎ, ಆ್ಯನ್, ದ ಎಂಬ ಪುಟ್ಟ ಪದಗಳ ಮೇಲೆ ನಿಂತಿರುತ್ತದೆ. “ಹಿ ಈಸ್ ಆ್ಯನ್ ಓನ್ಲಿ ಚೈಲ್ಡ್” ಅಂದರೆ ಒಡಹುಟ್ಟಿದವರು ಇಲ್ಲ. “ಹಿ ಈಸ್ ಓನ್ಲಿ ಎ ಚೈಲ್ಡ್” ಅಂದರೆ ಪಾಪ, ಇನ್ನೂ ಮಗು. “ಹಿ ವಾಸ್ ದ ಓನ್ಲಿ ಚೈಲ್ಡ್ ಇನ್ ದ ಬಸ್” ಅಂದರೆ ಬಸ್ಸಿನಲ್ಲಿದ್ದ ಮಗು ಅವನೊಬ್ಬನೇ. ನಮ್ಮವರು ಹೆಚ್ಚಾಗಿ ಹೇಳುವ “ಐ ಆಮ್ ಓನ್ಲಿ ಸನ್” ಎಂಬುದರಲ್ಲಿ ‘ದ’ ಬಿದ್ದುಹೋಗಿದೆ. ‘ದ ಓನ್ಲಿ ಸನ್’ ಅಂದರೂ ಅಕ್ಕತಂಗಿಯರು ಇರಬಹುದು, ಕನ್ನಡದ ‘ಒಬ್ಬನೇ ಮಗ’ ಇದ್ದ ಹಾಗೆ. ವಧೂವರರ ಜಾಹೀರಾತಿನಲ್ಲಿ ಯಾರೂ ಇಲ್ಲ ಅಂತ ತಿಳಿಸಬೇಕಾದರೆ ‘ಆ್ಯನ್ ಓನ್ಲಿ ಚೈಲ್ಡ್’ ಅಂತಲೇ ಬರೆಯಬೇಕು.

ವಾಕ್ಯದ ತಲೆಯಲ್ಲಿ ಓನ್ಲಿ ಬಂದಾಗ ಒಂದು ಗುಂಡಿ ಇದೆ, ಇಂಗ್ಲಿಷಿನಲ್ಲಿ ಪಳಗಿದವರೂ ಬೀಳುತ್ತಾರೆ. “ಓನ್ಲಿ ದೆನ್ ಐ ಅಂಡರ್‌ಸ್ಟುಡ್” ತಪ್ಪು, “ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್” ಸರಿ. ಪ್ರಶ್ನೆ ಕೇಳುವಾಗಿನ ಹಾಗೆ ಡಿಡ್ ಮುಂದಕ್ಕೆ ಬರಬೇಕು. ಇದನ್ನು ಕನ್ನಡದಿಂದಲೇ ನೆನಪಿಟ್ಟುಕೊಳ್ಳಬಹುದು. “ಮಳೆ ನಿಂತ ಮೇಲೆ ಬಸ್ ಬಂತು” ಎಂಬುದು ಸಾದಾ ವಾಕ್ಯ. ಏಕಾರ ಸೇರಿಸಿದ ಕೂಡಲೇ ಕ್ರಿಯಾಪದ ಬದಲಾಗುತ್ತದೆ: “ಮಳೆ ನಿಂತ ಮೇಲೇ ಬಸ್ ಬಂದಿದ್ದು.” ಬಂತು ಹೋಗಿ ಬಂದಿದ್ದು ಆಯಿತಲ್ಲ, ಇಂಗ್ಲಿಷಿನಲ್ಲಿ ಅದೇ ಹೊತ್ತಿಗೆ ಡಿಡ್ ಬರುತ್ತದೆ: “ಓನ್ಲಿ ವೆನ್ ದ ರೇನ್ ಸ್ಟಾಪ್ಡ್ ಡಿಡ್ ದ ಬಸ್ ಕಮ್.” ಗಮನಿಸಿ, ಬದಲಾವಣೆ ಬಸ್ಸಿನ ಭಾಗದಲ್ಲಿ, ಮಳೆಯ ಭಾಗದಲ್ಲಲ್ಲ. ಓನ್ಲಿ ಕರ್ತೃವನ್ನೇ ಹಿಡಿದಿದ್ದರೆ ಏನೂ ಬದಲಾಗುವುದಿಲ್ಲ. “ಓನ್ಲಿ ರವಿ ಕೇಮ್” ಹಾಗೇ ಇರಲಿ. ‘ನಾಟ್ ಓನ್ಲಿ’ ವಾಕ್ಯದ ಮೊದಲಿಗೆ ಬಂದು ಕ್ರಿಯೆಯನ್ನು ಹಿಡಿದಾಗಲೂ ಇದೇ ಕಟ್ಟಳೆ: “ನಾಟ್ ಓನ್ಲಿ ಡಿಡ್ ಹಿ ಕಮ್ ಲೇಟ್, ಹಿ ಆಲ್ಸೋ ಫರ್‌ಗಾಟ್ ದ ಕೀ.”

‘ಇಫ್’ ಜೊತೆ ಸೇರಿದಾಗ ಮೂರು ದಾರಿ. “ಇಫ್ ಯೂ ಪೇ ಬೈ ದ ಟೆಂತ್, ಯೂ ಗೆಟ್ ಎ ಡಿಸ್ಕೌಂಟ್” ಅಂದರೆ 10ರೊಳಗೆ ಕಟ್ಟಿದರೆ ರಿಯಾಯಿತಿ ಖಂಡಿತ, ಬೇರೆ ದಾರಿಯಲ್ಲೂ ಸಿಗಬಹುದೇನೋ. “ಯೂ ಗೆಟ್ ಎ ಡಿಸ್ಕೌಂಟ್ ಓನ್ಲಿ ಇಫ್ ಯೂ ಪೇ ಬೈ ದ ಟೆಂತ್” ಅಂದರೆ 10 ದಾಟಿದರೆ ಸಿಗುವುದೇ ಇಲ್ಲ. ಆದರೆ 10ರೊಳಗೆ ಕಟ್ಟಿದವರಿಗೆಲ್ಲ ಸಿಕ್ಕೇ ಸಿಗುತ್ತದೆ ಅಂತ ಕಟ್ಟುನಿಟ್ಟಾದ ಅರ್ಥದಲ್ಲಿ ಅದು ಮಾತು ಕೊಟ್ಟಿಲ್ಲ, ಇನ್ನೊಂದು ಷರತ್ತು ಹಿಂದೆ ಕಾದಿರಬಹುದು. ನೇಮಕಾತಿ ಪತ್ರ, ವಿಮೆ ಪಾಲಿಸಿಗಳಲ್ಲಿ ಓನ್ಲಿ ಇಫ್ ಕಂಡರೆ ನಿಧಾನವಾಗಿ ಓದಿ. ಮೂರನೆಯದು ಪದ ತಿರುಗಿಸಿದ ‘ಇಫ್ ಓನ್ಲಿ’. ಇದರಲ್ಲಿ ಷರತ್ತಿಲ್ಲ, ನಿಟ್ಟುಸಿರಿದೆ: “ಇಫ್ ಓನ್ಲಿ ಐ ಹ್ಯಾಡ್ ಟೇಕನ್ ದ ಮೆಟ್ರೋ!” ಛೆ, ಮೆಟ್ರೋದಲ್ಲಿ ಬಂದಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಇನ್ನು ಕೆಲವು ಜೋಡಿಗಳು ಮಾತ್ರ ಎಂಬ ಅರ್ಥವನ್ನು ಪೂರ್ತಿ ಕಳಚಿಕೊಂಡಿವೆ. ‘ಓನ್ಲಿ ಟೂ ಹ್ಯಾಪಿ’ ಅಂದರೆ ಬಲು ಸಂತೋಷ. ‘ಓನ್ಲಿ ಜಸ್ಟ್’ ಅಂದರೆ ಈಗ ತಾನೇ, ಇಲ್ಲವೇ ಕೂದಲೆಳೆಯಲ್ಲಿ. “ಯೂ ಓನ್ಲಿ ಹ್ಯಾವ್ ಟು ಆಸ್ಕ್” ಅಂದರೆ ಕೇಳಿದರೆ ಸಾಕು. ಮಾತಿನಲ್ಲಿ ಓನ್ಲಿ ಕೆಲವು ಸಲ ‘ಆದರೆ’ ಕೂಡ ಆಗುತ್ತದೆ: “ಐ ವುಡ್ ಕಮ್, ಓನ್ಲಿ ಐ ಹ್ಯಾವ್ ಎ ಮೀಟಿಂಗ್.” ಕನ್ನಡಕ್ಕೆ ತರಲು ಖುಷಿ ಕೊಡುವುದು ‘ಓನ್ಲಿ ಟು ಫೈಂಡ್’. “ಹಿ ರ್‍ಯಾನ್ ಟು ದ ಸ್ಟೇಷನ್, ಓನ್ಲಿ ಟು ಫೈಂಡ್ ದ ಟ್ರೈನ್ ಗಾನ್.” ಇದನ್ನು ‘ಟ್ರೈನ್ ಹೋದದ್ದನ್ನು ಮಾತ್ರ ಕಂಡುಕೊಳ್ಳಲು ಓಡಿದ’ ಅಂತ ಅನುವಾದ ಮಾಡಿದ ಪುಸ್ತಕಗಳು ಸಿಗುತ್ತವೆ, ಓದಿದರೆ ಅಯ್ಯೋ ಅನ್ನಿಸುತ್ತದೆ. ಸ್ಟೇಷನ್ನಿಗೆ ಓಡಿದ್ದೇ ಬಂತು, ಟ್ರೈನ್ ಹೊರಟೇ ಹೋಗಿತ್ತು. ಇಷ್ಟೇ ಬೇಕಾದದ್ದು.

ಒಂದು ಕಡೆ ನಮ್ಮ ಏಕಾರಕ್ಕೂ ಅವರ ಓನ್ಲಿಗೂ ಗೆರೆ ಕೊರೆದ ಹಾಗೆ ಕೂಡಿಬರುತ್ತದೆ: ದೇವರಿಗೇ ಗೊತ್ತು, “ಗಾಡ್ ಓನ್ಲಿ ನೋಸ್”. ಹೆಸರಿನ ಬೆನ್ನಿಗೆ ಅಂಟಿಕೊಂಡು, ಬೆಂಗಳೂರಿನವರು ಹೇಳಿದ ಹಾಗೇ ಇದೆ, ಆದರೆ ಇದು ಅವರದ್ದೇ ಹಳೆಯ ನುಡಿಗಟ್ಟು.

ಊರೊಳಗಿನ ಮಾತಿನಲ್ಲಿ ಓನ್ಲಿಯನ್ನು ತಿದ್ದಿಕೊಳ್ಳುವ ಅಗತ್ಯ ಇಲ್ಲ ಎಂಬುದು ನನ್ನ ಅಭಿಪ್ರಾಯ. “ಐ ಆಮ್ ಕಮಿಂಗ್ ಓನ್ಲಿ” ಅಂದರೆ ಬರ್ತಾ ಇದ್ದೀನಿ ಕಣೋ ಅಂತ ಗೆಳೆಯನಿಗೆ ಗೊತ್ತು. ಹೊರದೇಶಕ್ಕೆ ಹೋಗುವ ಮೇಲ್, ಕರಾರು, ಐಇಎಲ್‌ಟಿಎಸ್ ಥರದ ಇಂಗ್ಲಿಷ್ ಪರೀಕ್ಷೆ, ಈ ಮೂರು ಕಡೆ ಎಚ್ಚರ ಬೇಕು. ಕಳಿಸುವ ಮುಂಚೆ ಮೇಲ್‌ನಲ್ಲಿ ಓನ್ಲಿ ಎಂದು ಸರ್ಚ್ ಕೊಟ್ಟು, ಸಿಕ್ಕಿದ್ದಕ್ಕೆಲ್ಲ ‘ಬಿಟ್ಟು’ ಪರೀಕ್ಷೆ ಮಾಡಿ. ಹೊತ್ತು, ದಿನ, ತಿಂಗಳ ಪಕ್ಕದಲ್ಲಿರುವುದನ್ನು ಮೊದಲು ನೋಡಿ, ಅನರ್ಥ ಹೆಚ್ಚಾಗಿ ಆಗುವುದು ಅಲ್ಲೇ. ತಡವನ್ನೇ ಹೇಳಬೇಕಾಗಿದ್ದರೆ ಓನ್ಲಿಗಿಂತ ‘ನಾಟ್ ಅಂಟಿಲ್’ ಸ್ಪಷ್ಟ: ಕೌಂಟರ್ ತೆಗೆಯೋದೇ 10 ಗಂಟೆಗೆ, “ದ ಕೌಂಟರ್ ಡಸಂಟ್ ಓಪನ್ ಅಂಟಿಲ್ ಟೆನ್.”

ನಿಮ್ಮ ಮ್ಯಾನೇಜರಿಗೆ ಈಗ ಉದ್ದದ ಸಮಜಾಯಿಷಿ ಬೇಡ, ಭಾಷೆಯ ಪಾಠವಂತೂ ಬೇಡವೇ ಬೇಡ. ಎರಡು ಸಾಲು ಸಾಕು: “ಸಾರಿ, ಐ ವಾಸಂಟ್ ಕ್ಲಿಯರ್. ದ ರಿಪೋರ್ಟ್ ವಾಸ್ ಡ್ಯೂ ಆನ್ ಥರ್ಸ್‌ಡೇ ಅಂಡ್ ಐ ಸೆಂಟ್ ಇಟ್ ಟೂ ಡೇಸ್ ಅರ್ಲಿ, ಆನ್ ಟ್ಯೂಸ್‌ಡೇ.” ಮಂಗಳವಾರ ಕಳಿಸಿದ ಆ ಮೇಲ್ ಅನ್ನೂ ಇದರ ಜೊತೆ ಫಾರ್ವರ್ಡ್ ಮಾಡಿ.